ಲೆಕ್ಕವೂ ಇರಲಿ, ಅಕ್ಕರೆಯೂ ಇರಲಿ

(ಘಟಪ್ರಭಾದ ಕಲಿಕಾ ಕೇಂದ್ರದಲ್ಲಿ, ಮನೆ ಬಾಡಿಗೆ ಕೊಡುವ ಒಬ್ಬ ತಾಯಿ ಆಡಿದ ಮಾತುಗಳು)



ನಾನು ಭಾಷಣ ಮಾಡುವವಳಲ್ಲ. ನಾನೂ ನಿಮ್ಮ ಹಾಗೆ ಚಾಪೆಯ ಮೇಲೆ ಕುಳಿತು ಅಕ್ಷರ ಕಲಿತವಳು. ಕಲಿಯಲು ಬಂದಾಗ ನನಗೆ ಮೂವತ್ತೆಂಟು ವರ್ಷ. ‘ಅ’ ಬರೆಯಲು ಹೋದರೆ ಕೈ ನಡುಗುತ್ತಿತ್ತು. ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಈಗಲೂ ಸ್ವಲ್ಪ ಕೈ ನಡುಗುತ್ತದೆ. ನಗಬೇಡ್ರಿ ಮತ್ತ!

ಮೇಡಂ ಅವರು ನನಗೆ ಹೇಳಿದರು, "ಅವ್ವಾರ, ನೀವು ಬಾಡಿಗೆ ಮನೆ ನಡಸ್ತೀರಿ. ಬಾಡಿಗಿದಾರರು ನಿಮ್ಮನ್ನ ಬಿಟ್ಟು ಹೋಗೋದಿಲ್ಲ ಅಂತಾರ. ಅದರ ಗುಟ್ಟು ಹೇಳ್ರಿ" ಎಂದರು. ಗುಟ್ಟು ಏನೂ ಇಲ್ಲ. ಒಂದು ತಪ್ಪು ಮಾಡಿದ್ದೆ. ಆ ತಪ್ಪಿನಿಂದ ಕಲಿತೆ. ಅದನ್ನೇ ಹೇಳುತ್ತೇನೆ.

ನಮ್ಮ ಊರಿಗೆ ಬರುವವರು

ನಮ್ಮ ಊರು ನಿಮಗೆ ಗೊತ್ತೇ ಇದೆ. ಊರಿಗೆ ನದಿಯ ಹೆಸರು. ಇಲ್ಲಿ ರೈಲ್ವೆ ಸ್ಟೇಷನ್ ಇದೆ. ಆಸ್ಪತ್ರೆಗಳಿವೆ. ಕರ್ನಾಟಕ ಆರೋಗ್ಯ ಧಾಮವಂತೂ ಸ್ವಾತಂತ್ರ್ಯ ಬರುವ ಮೊದಲೇ ಶುರುವಾದದ್ದು. ಅತ್ತ ಗೋಕಾಕ ಫಾಲ್ಸಿನಲ್ಲಿ 1887ರಲ್ಲಿಯೇ ನೀರಿನ ಬಲದಿಂದ ನೂಲಿನ ಗಿರಣಿ ನಡೆಯಿತು. ಇತ್ತ ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಅಣೆಕಟ್ಟು ಇದೆ. ಕಾಲುವೆಯ ನೀರು ಬಂತು. ಕಬ್ಬು ಬಂತು. ಸಕ್ಕರೆ ಕಾರ್ಖಾನೆ ಬಂದವು.

ಹೀಗೆ ಕೆಲಸ ಇದ್ದಲ್ಲಿ ಜನ ಬರುತ್ತಾರೆ. ನರ್ಸ್ ಬರುತ್ತಾರೆ. ಮಾಸ್ತರು ಬರುತ್ತಾರೆ. ಬ್ಯಾಂಕಿನವರು ಬರುತ್ತಾರೆ. ಕಾರ್ಖಾನೆಯ ಕೆಲಸಗಾರರು ಬರುತ್ತಾರೆ. ಕಾಲೇಜಿಗೆ ಹೋಗುವ ಹುಡುಗಿಯರು ಬರುತ್ತಾರೆ. ಅವರಿಗೆ ಇರಲು ಒಂದು ಖೋಲಿ ಬೇಕು. ನಮಗೆ ತಿಂಗಳಿಗೆ ನಾಲ್ಕು ರೊಕ್ಕ ಬೇಕು.

ನಮ್ಮ ಮನೆಯವರು ತೀರಿಕೊಂಡಾಗ ನನಗೆ ಉಳಿದದ್ದು ಒಂದು ಮನೆ, ಹಿತ್ತಲಲ್ಲಿ ಮೂರು ಖೋಲಿ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಆ ಮೂರು ಖೋಲಿಯ ಬಾಡಿಗೆಯಿಂದಲೇ ನಮ್ಮ ಒಲೆ ಉರಿಯಿತು. ಮಕ್ಕಳ ಸಾಲಿ ನಡೆಯಿತು. ಅಂದ ಮೇಲೆ ಬಾಡಿಗೆ ಕೊಡುವವರಿಗೆ ನಾನು ಎಷ್ಟು ಉಪಕಾರ ನೆನೆಯಬೇಕು, ನೀವೇ ಹೇಳ್ರಿ.

ಆದರೆ ಆಗ ನಾನು ಹಾಗೆ ತಿಳಿದಿರಲಿಲ್ಲ. "ನಾನು ಮನಿ ಕೊಟ್ಟೇನಿ, ಅವರು ನನ್ನ ಋಣದಾಗ ಅದಾರ" ಎಂದು ತಿಳಿದಿದ್ದೆ.

ಗೋಡೆಯ ಮೇಲಿನ ಗೀಟು

ಇದು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಗ ನನಗೆ ಓದು ಬರಹ ಇರಲಿಲ್ಲ. ಲೆಕ್ಕ ಇಡುವುದು ಹೇಗೆ? ಅಡಿಗೆ ಮನೆಯ ಬಾಗಿಲ ಹಿಂದೆ ಗೋಡೆ ಇತ್ತು. ಬಾಡಿಗೆ ಬಂದ ಕೂಡಲೆ ಇದ್ದಲಿಯಿಂದ ಒಂದು ಗೀಟು ಎಳೆಯುತ್ತಿದ್ದೆ. ಮೊದಲ ಖೋಲಿಯದು ಮೇಲೆ. ಎರಡನೆಯದು ನಡುವೆ. ಮೂರನೆಯದು ಕೆಳಗೆ. ಅದೇ ನನ್ನ ಪುಸ್ತಕ. ಅದೇ ನನ್ನ ಬ್ಯಾಂಕು.

ನಡುವಿನ ಖೋಲಿಯಲ್ಲಿ ಒಬ್ಬ ನರ್ಸ್ ಹುಡುಗಿ ಇದ್ದಳು. ವಿಜಾಪುರದ ಕಡೆಯವಳು. ತಿಂಗಳಿಗೆ 400 ರೂಪಾಯಿ ಬಾಡಿಗೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುತ್ತಿದ್ದಳು. ಅತ್ತೆಯ ಕಾಲು ನೋವಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಆ ವರ್ಷ ದೀಪಾವಳಿಯ ಮುಂದೆ ನಾನು ತವರಿಗೆ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬಂದೆ. ಬಂದವಳೇ ಹಬ್ಬದ ಸಲುವಾಗಿ ಮನೆಗೆಲ್ಲ ಸುಣ್ಣ ಬಳಿದೆ. ಬಾಗಿಲ ಹಿಂದಿನ ಗೋಡೆಗೂ ಬಳಿದೆ. ಗೀಟೆಲ್ಲ ಹೋದವು. ‘ನೆನಪಿನ್ಯಾಗ ಐತಲ್ಲ’ ಎಂದುಕೊಂಡೆ.

ಹಬ್ಬದ ದಿನ ಫರಾಳ ಮಾಡಿದ್ದೆ. ಚಕ್ಕಲಿ, ಕರ್ಚಿಕಾಯಿ, ಶೇವು. ತಟ್ಟೆ ತುಂಬಿಸಿ ಆ ಹುಡುಗಿಗೆ ಕೊಟ್ಟೆ. ಕೊಡುತ್ತ ಕೊಡುತ್ತ ಕೇಳಿದೆ.

"ಈ ತಿಂಗಳ ಬಾಡಿಗಿ ಇನ್ನೂ ಬಂದಿಲ್ಲಲ್ಲವ್ವಾ?"

"ಕೊಟ್ಟೇನಲ್ರಿ ಅಕ್ಕಾ. ನೀವು ಊರಿಗೆ ಹೋಗಿದ್ರಿ. ಅಜ್ಜಿ ಕೈಯಾಗ ಕೊಟ್ಟೆ."

ಅತ್ತೆಯನ್ನು ಕೇಳಿದೆ. ಅತ್ತೆಗೆ ಆಗಲೇ ಮರೆವು ಶುರುವಾಗಿತ್ತು. "ನನಗ ಗೊತ್ತಿಲ್ಲವ್ವಾ" ಎಂದರು.

ನಾನು ಆ ಹುಡುಗಿಯ ಮುಖ ನೋಡಿ ಹೇಳಿದೆ. "ಹಬ್ಬದ ದಿನ ಯಾಕ ಸುಳ್ಳ ಹೇಳ್ತಿ?"

ನೋಡ್ರಿ ತಾಯಂದಿರೆ. ಒಂದು ಕೈಯಲ್ಲಿ ಫರಾಳದ ತಟ್ಟೆ. ಬಾಯಲ್ಲಿ ಇಂಥ ಮಾತು.

ಅವಳು ಜಗಳ ಆಡಲಿಲ್ಲ. ಮರುದಿನ ಮತ್ತೆ 400 ರೂಪಾಯಿ ತಂದು ಕೊಟ್ಟಳು. ತಟ್ಟೆಯನ್ನೂ ತೊಳೆದು ತಂದಳು. ಬರೀ ತಟ್ಟೆ ಕೊಡಬಾರದಲ್ಲ. ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಳು. ತಿಂಗಳು ತುಂಬುವುದರೊಳಗೆ ಖೋಲಿ ಬಿಟ್ಟು ಹೋದಳು. ಆಮೇಲೆ ಬೇರೆ ಊರಿಗೆ ಕೆಲಸಕ್ಕೆ ಹೋದಳಂತೆ.

ಎಳ್ಳಿನ ಡಬ್ಬಿ

ಸಂಕ್ರಾಂತಿ ಬಂತು. ಕುಸರೆಳ್ಳು ಮಾಡಬೇಕೆಂದು ಎಳ್ಳಿನ ಡಬ್ಬಿ ಇಳಿಸಿದೆ. ಕೈ ಹಾಕಿದರೆ ಒಳಗೆ ಒಂದು ಅರಿವೆಯ ಗಂಟು. ಬಿಚ್ಚಿ ನೋಡಿದೆ. ನೂರರ ನಾಲ್ಕು ನೋಟು!

ಅತ್ತೆ ತಗೊಂಡಿದ್ದು ನಿಜ. ಗಂಟು ಕಟ್ಟಿ ಇಟ್ಟಿದ್ದೂ ನಿಜ. ಮರೆತಿದ್ದೂ ನಿಜ. ಬಹುಶಃ ಗೋಡೆಯ ಮೇಲೆ ಗೀಟನ್ನೂ ಎಳೆದಿರಬೇಕು. ಅದರ ಮೇಲೆ ನಾನೇ ಸುಣ್ಣ ಬಳಿದಿದ್ದೆ.

ಆ ದಿನ ನನ್ನ ಬಾಯಿಗೆ ಎಳ್ಳೂ ರುಚಿಸಲಿಲ್ಲ, ಬೆಲ್ಲವೂ ರುಚಿಸಲಿಲ್ಲ.

ಅವಳ ಗೆಳತಿಯರನ್ನು ಹುಡುಕಿ ವಿಳಾಸ ತಗೊಂಡೆ. ಅಂಚೆ ಕಚೇರಿಗೆ ಹೋದೆ. ಅಲ್ಲಿದ್ದ ಒಬ್ಬರ ಕೈಯಿಂದ ಫಾರಂ ಬರೆಸಿ 400 ರೂಪಾಯಿ ಮನಿಯಾರ್ಡರ್ ಮಾಡಿದೆ. "ತಂಗೀ, ತಪ್ಪು ನನ್ನದು" ಎಂದು ಬರೆಸಿದೆ. ನನ್ನದು ಹೆಬ್ಬೆಟ್ಟು.

ಕೆಲವು ದಿನದ ಮೇಲೆ ಟಪಾಲಿನವನು ಒಂದು ಚೀಟಿ ತಂದು ಕೊಟ್ಟ. ಹಣ ಮುಟ್ಟಿದ್ದಕ್ಕೆ ಸಹಿ ಮಾಡಿದ ಚೀಟಿ. "ಏನೈತಪ್ಪಾ ಇದರಾಗ?" ಎಂದು ಕೇಳಿದೆ. "ರೊಕ್ಕ ಮುಟ್ಟೇತಿ ಅಂತ ಸಹಿ ಮಾಡ್ಯಾರ್ರಿ" ಎಂದ. ಆ ಚೀಟಿಯನ್ನು ದೇವರ ಜಗಲಿಯ ಮೇಲೆ ಇಟ್ಟೆ.

ಮುಂದಿನ ವಾರವೇ ಅಕ್ಷರ ಕಲಿಯಲು ಕೇಂದ್ರಕ್ಕೆ ಬಂದೆ. ಮೂರು ತಿಂಗಳು ಕಲಿತ ಮೇಲೆ ಒಂದು ರಾತ್ರಿ ಆ ಚೀಟಿ ತೆಗೆದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಸಹಿ ಓದಿದೆ. ಅವಳ ಹೆಸರು! ನನ್ನ ಮನೆಯಲ್ಲಿ ಒಂದು ವರ್ಷ ಇದ್ದಳು. ಅವಳ ಹೆಸರನ್ನು ಬರೆದದ್ದು ಹೇಗೆ ಕಾಣುತ್ತದೆ ಎಂದು ಆವತ್ತೇ ಮೊದಲು ನೋಡಿದೆ.

ಅವಳಿಗೆ ನಾನು ಒಂದು ರಸೀದಿ ಕೊಟ್ಟಿರಲಿಲ್ಲ. ಅವಳು ನನಗೆ ಕೊಟ್ಟಿದ್ದಳು.

ಅಂದಿನಿಂದ ನಾನು ತಿಳಿದದ್ದು ಇಷ್ಟೇ. ಅಕ್ಕರೆ ಬೇಕು. ಆದರೆ ಲೆಕ್ಕ ಇಲ್ಲದ ಅಕ್ಕರೆ ನಿಲ್ಲುವುದಿಲ್ಲ. ಬಾಡಿಗೆದಾರರ ಉಪಕಾರ ನೆನೆಯಬೇಕಾದರೆ ಮೊದಲು ಲೆಕ್ಕ ಸರಿ ಇಡಬೇಕು. ಆಮೇಲೆ ಫರಾಳ.

ಮೊದಲನೆಯ ಮಾತು: ರಸೀದಿ ಕೊಡಿ

ಬಾಡಿಗೆ ಕೈಗೆ ಬಂದ ಗಳಿಗೆಯಲ್ಲೇ ರಸೀದಿ ಬರೆಯಿರಿ. ನಮ್ಮ ಕಡೆ ಇದಕ್ಕೆ ಪಾವತಿ ಅಂತೀವಿ. ಎರಡು ಪ್ರತಿ ಬರೆಯಿರಿ. ಒಂದು ಅವರಿಗೆ. ಒಂದು ನಿಮಗೆ. ಹೀಗೆ ಬರೆಯಬಹುದು:

"ಘಟಪ್ರಭಾ. ತಾರೀಖು ........
ಶ್ರೀಮತಿ/ಶ್ರೀ ........ ಇವರಿಂದ ........ ತಿಂಗಳ ಮನೆ ಬಾಡಿಗೆ ರೂ. ........ (ಅಕ್ಷರದಲ್ಲಿ ........) ಮುಟ್ಟಿದೆ. ಹಿಂದಿನ ಬಾಕಿ ಇಲ್ಲ.
ಸಹಿ ........"

ಅಂಕಿಯಲ್ಲೂ ಬರೆಯಿರಿ, ಅಕ್ಷರದಲ್ಲೂ ಬರೆಯಿರಿ. ಅಂಕಿಗೆ ಒಂದು ಸೊನ್ನೆ ಸೇರಿಸಬಹುದು. ಅಕ್ಷರಕ್ಕೆ ಸೇರಿಸಲು ಆಗುವುದಿಲ್ಲ. 5,000 ರೂಪಾಯಿಗಿಂತ ಹೆಚ್ಚು ನಗದು ಹಣ ಪಡೆದರೆ 1 ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಹಚ್ಚಿ ಅದರ ಮೇಲೆ ಸಹಿ ಮಾಡಬೇಕು.

ಈಗ ಬಹಳ ಮಂದಿ ಫೋನಿನಲ್ಲೇ ಹಣ ಹಾಕುತ್ತಾರೆ. ಆಗಲೂ ಪುಸ್ತಕದಲ್ಲಿ ಬರೆಯಿರಿ. ಫೋನು ನೀರಿಗೆ ಬೀಳಬಹುದು. ಮಗ ಹೊಸ ಫೋನು ತರಬಹುದು. ಪುಸ್ತಕ ಮನೆಯಲ್ಲೇ ಇರುತ್ತದೆ.

ರಸೀದಿಯ ಕೆಳಗೆ ನಾನು ಇನ್ನೊಂದು ಮಾತು ಬರೆಯುತ್ತೇನೆ. ಹೊತ್ತಿಗೆ ಸರಿಯಾಗಿ ಕೊಟ್ಟವರಿಗೆ "ವೇಳೆಗೆ ಕೊಟ್ಟಿದ್ದೀರಿ, ಉಪಕಾರವಾಯಿತು" ಎಂದು ಬರೆಯುತ್ತೇನೆ. ಇದಕ್ಕೆ ಖರ್ಚು ಏನೂ ಇಲ್ಲ. ಒಬ್ಬ ಮಾಸ್ತರರು ನನ್ನ ಮನೆಯಲ್ಲಿ ಆರು ವರ್ಷ ಇದ್ದರು. ಹೋಗುವಾಗ ಅಷ್ಟೂ ರಸೀದಿ ದಾರದಲ್ಲಿ ಪೋಣಿಸಿ ಇಟ್ಟುಕೊಂಡಿದ್ದನ್ನು ತೋರಿಸಿದರು.

ಎರಡನೆಯ ಮಾತು: ಸೋರುವುದನ್ನು ನಿಲ್ಲಿಸಿ

ಮಳೆಗಾಲದಲ್ಲಿ ಖೋಲಿ ಸೋರುತ್ತದೆ. ಬಾಡಿಗೆದಾರರು ಬಂದು ಹೇಳುತ್ತಾರೆ. ನಾವು ಏನು ಅಂತೀವಿ? "ನೋಡೋಣು, ಹಬ್ಬ ಮುಗೀಲಿ" ಅಂತೀವಿ. ಹಬ್ಬಕ್ಕೆ ಅವರ ಮನೆಗೆ ಹೋಳಿಗೆ ಕಳಿಸುತ್ತೀವಿ. ಹೋಳಿಗೆ ತಿನ್ನುವಾಗಲೂ ಅವರ ತಲೆಯ ಮೇಲೆ ಹನಿ ಬೀಳುತ್ತಿರುತ್ತದೆ!

ನಿಜವಾದ ಅಕ್ಕರೆ ಎಂದರೆ ಮಳೆಗೆ ಮೊದಲೇ ಮಾಳಿಗೆ ನೋಡುವುದು. ನಳ ಕೆಟ್ಟರೆ ಬೇಗ ಮಾಡಿಸುವುದು. ಸಂಡಾಸದ ಬಾಗಿಲಿಗೆ ಚಿಲಕ ಹಾಕಿಸುವುದು. ಒಂಟಿ ಹೆಣ್ಣುಮಗಳಿಗೆ ಆ ಚಿಲಕ ಎಷ್ಟು ದೊಡ್ಡದು ಎಂದು ನಮಗೆ ಗೊತ್ತು.

ದುರಸ್ತಿಗೆ ಬಂದ ಮಾತನ್ನೂ ಬರೆದಿಡಿ. ಯಾವ ದಿನ ಹೇಳಿದರು, ಯಾವ ದಿನ ಮಾಡಿಸಿದೆ, ಎಷ್ಟು ಖರ್ಚಾಯಿತು. ನೀವು ಮಾಡಿದ್ದು ನಿಮಗೂ ನೆನಪಿರುತ್ತದೆ, ಅವರಿಗೂ ನೆನಪಿರುತ್ತದೆ.

ಮೂರನೆಯ ಮಾತು: ಬಾಗಿಲು ತಟ್ಟಿ

ಮನೆ ನನ್ನದೇ. ಆದರೆ ಬಾಡಿಗೆ ತಗೊಂಡ ಮೇಲೆ ಆ ಖೋಲಿಯೊಳಗಿನ ಬದುಕು ಅವರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಬಾಡಿಗೆ ಕೊಟ್ಟು, ಕರಾರಿನಂತೆ ನಡೆಯುವವರು ತೊಂದರೆ ಇಲ್ಲದೆ ಮನೆಯಲ್ಲಿ ಇರಬಹುದು.

ಅದಕ್ಕೇ ಬಾಗಿಲು ತಟ್ಟಿ ಕರೆಯಬೇಕು. ಅವರು ಇಲ್ಲದಾಗ ಒಳಗೆ ಹೋಗಬಾರದು. "ನಿಮ್ಮನಿಗೆ ಯಾರು ಬಂದಿದ್ರು?" ಎಂದು ದಿನಾ ಕೇಳಬಾರದು. ಏನು ಅಡಿಗೆ ಮಾಡಿದರು ಎಂದು ಪಾತ್ರೆಯ ಮುಚ್ಚಳ ತೆಗೆಯಬಾರದು. ನಗ್ತೀರಿ? ನಾನು ತೆಗೆದವಳೇ!

ಇನ್ನೊಂದು ಮಾತು. ನಾವು ಪ್ರೀತಿ ಮಾಡುತ್ತೇವೆ ಎಂದು ಅವರಿಂದ ಬಿಟ್ಟಿ ಕೆಲಸ ಮಾಡಿಸಬಾರದು. ನರ್ಸ್ ಹುಡುಗಿ ಇದ್ದಾಳೆ ಎಂದು ಓಣಿಯವರಿಗೆಲ್ಲ ಸೂಜಿ ಮಾಡಿಸುವುದು. ಮಾಸ್ತರರು ಇದ್ದಾರೆ ಎಂದು ಮೊಮ್ಮಕ್ಕಳಿಗೆಲ್ಲ ಪಾಠ ಹೇಳಿಸುವುದು. ಅವರಾಗಿಯೇ ಮಾಡಿದರೆ ಕೈಮುಗಿಯೋಣ. ಕೇಳಿದ್ದರೆ ದುಡಿಮೆಗೆ ತಕ್ಕ ಹಣ ಕೊಡೋಣ. ಆ ಹಣವನ್ನು ಬಾಡಿಗೆಯ ಲೆಕ್ಕದಲ್ಲಿ ಬೆರೆಸಬಾರದು. ಬೆರೆಸಿದರೆ ಎರಡೂ ಲೆಕ್ಕ ಕೆಡುತ್ತವೆ.

ನಾಲ್ಕನೆಯ ಮಾತು: ಸೊನ್ನೆ ಬಿಲ್ಲು ಬಂದರೆ ಸೊನ್ನೆ

2023ರಲ್ಲಿ ಗೃಹಜ್ಯೋತಿ ಯೋಜನೆ ಬಂತು. ಮನೆ ಬಳಕೆಗೆ ತಿಂಗಳಿಗೆ 200 ಯೂನಿಟ್ ಒಳಗೆ ಕರೆಂಟು ಬಿಟ್ಟಿ. ಹಿಂದೆ ಬಳಸುತ್ತಿದ್ದುದರ ಸರಾಸರಿ ನೋಡಿ, ಅದಕ್ಕೆ ಸ್ವಲ್ಪ ಕೂಡಿಸಿ ಮಿತಿ ಹಾಕುತ್ತಾರೆ. ಬಾಡಿಗೆದಾರರೂ ತಮ್ಮ ಹೆಸರಿನಲ್ಲಿ ಇದಕ್ಕೆ ಅರ್ಜಿ ಹಾಕಬಹುದು. ಅವರು ಆ ಮನೆಯಲ್ಲಿ ಬಾಡಿಗೆಗೆ ಇದ್ದಾರೆ ಎನ್ನಲು ಕರಾರು ಪತ್ರ ಬೇಕಾಗಬಹುದು. ಕೇಳಿದಾಗ ಕೊಡಿ. "ಕಾಗದ ಯಾಕ ಬೇಕು?" ಎಂದು ಹೆದರಬೇಡಿ. ಮನೆ ಎಲ್ಲಿಯೂ ಹೋಗುವುದಿಲ್ಲ.

ಖೋಲಿಗೆ ಬೇರೆ ಮೀಟರ್ ಇದ್ದರೆ ಒಳ್ಳೆಯದು. ಅವರ ಬಿಲ್ಲು ಅವರಿಗೆ. ಬಿಲ್ಲು ಸೊನ್ನೆ ಬಂದಾಗ ಬಾಡಿಗೆದಾರರಿಂದ ಕರೆಂಟಿನ ಹಣ ಕೇಳುವುದು ನ್ಯಾಯವಲ್ಲ. ಸರಕಾರ ಬಿಟ್ಟಿ ಕೊಟ್ಟದ್ದನ್ನು ನಾವು ಮಾರಿದ ಹಾಗೆ ಆಗುತ್ತದೆ. ಅಂಥ ಹಣ ತಗೊಂಡು ಆಮೇಲೆ ಎಷ್ಟು ಉಂಡಿ ಕೊಟ್ಟರೂ ಅದು ಉಂಡಿಯಲ್ಲ.

ಐದನೆಯ ಮಾತು: ಹಬ್ಬದ ತಟ್ಟೆ ಎಲ್ಲರಿಗೂ ಒಂದೇ

ಈಗ ಫರಾಳದ ಮಾತು. ಕೊಡಬಾರದು ಎಂದು ನಾನು ಹೇಳುವುದಿಲ್ಲ. ಕೊಡಿ. ಪಂಚಮಿಗೆ ಉಂಡಿ ಕೊಡಿ. ಸಂಕ್ರಾಂತಿಗೆ ಕುಸರೆಳ್ಳು ಕೊಡಿ. ಊರಿಗೆ ಹೊರಟವರಿಗೆ ಗೋಕಾಕದ ಕರದಂಟು ಒಂದು ಪೊಟ್ಟಣ ಕೊಡಿ.

ಆದರೆ ನಾಲ್ಕು ಮಾತು ನೆನಪಿಡಿ.

ಒಂದು. ಮೂರು ಖೋಲಿ ಇದ್ದರೆ ಮೂರು ತಟ್ಟೆ ಒಂದೇ ಸಮ ಇರಲಿ. ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಬರೀ ಕಟ್ಟಿನ ಸಾರು ಆದರೆ ಹಬ್ಬವೇ ಜಗಳವಾಗುತ್ತದೆ. ಜಾತಿ ನೋಡಿ ತಟ್ಟೆ ಬೇರೆ ಮಾಡಬಾರದು. ಖೋಲಿ ಕೊಡುವಾಗಲೂ ಜಾತಿ ಕೇಳಬಾರದು. ಗಂಡ ಇಲ್ಲದವಳು ಎಂದು ಅರಿಷಿಣ ಕುಂಕುಮಕ್ಕೆ ಕರೆಯದೆ ಬಿಡಬಾರದು. ನಾನೂ ಗಂಡ ಇಲ್ಲದವಳೇ. ಕರೆಯದೆ ಬಿಟ್ಟಾಗ ಹೇಗಿರುತ್ತದೆ ಎಂದು ಬಲ್ಲೆ.

ಎರಡು. ತಟ್ಟೆ ಕೊಡುವಾಗ ಬಾಡಿಗೆಯ ಮಾತು ಎತ್ತಬಾರದು. ಹಬ್ಬದ ದಿನ ಹಬ್ಬದ ಮಾತು. ಲೆಕ್ಕದ ದಿನ ಲೆಕ್ಕದ ಮಾತು. ನಾನು ಬೆರೆಸಿದ್ದಕ್ಕೇ ಒಬ್ಬ ತಂಗಿಯನ್ನು ಕಳೆದುಕೊಂಡೆ.

ಮೂರು. ದೊಡ್ಡ ಉಡುಗೊರೆ ಬೇಡ. ಬೆಲೆಯ ಸೀರೆ, ಬೆಳ್ಳಿ ಕೊಟ್ಟರೆ ತಗೊಂಡವರಿಗೆ ಭಾರ. ತಿರುಗಿ ಏನು ಕೊಡಲಿ ಎಂದು ಚಿಂತೆ. ತಿಂದು ಮುಗಿಯುವಂಥದ್ದು ಸಾಕು. ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಎಂದು ಮೊದಲು ಕೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಉಂಡಿ ಬದಲು ಅವರು ತಿನ್ನುವಂಥದ್ದು ಕೊಟ್ಟರೂ ಆಯಿತು.

ನಾಲ್ಕು. ಕೊಟ್ಟದ್ದನ್ನು ಆಡಿ ತೋರಿಸಬಾರದು. "ನನ್ನ ಉಂಡಿ ತಿಂದು ನನಗ ಎದುರು ಮಾತಾಡ್ತೀರಿ" ಎಂದರೆ ಆ ಉಂಡಿ ಅವತ್ತೇ ವಿಷವಾಗುತ್ತದೆ.

ನದಿ ಬಂದಾಗ

2019ರ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪಿದೆ. ಘಟಪ್ರಭೆ ಉಕ್ಕಿ ಬಂದಳು. ಗೋಕಾಕದ ಎಷ್ಟೋ ಓಣಿಗಳಲ್ಲಿ ನೀರು ನುಗ್ಗಿತು. ಅಲ್ಲಿ ನನ್ನ ತಂಗಿಯ ಮನೆ. ಅವಳೂ ಎರಡು ಖೋಲಿ ಬಾಡಿಗೆಗೆ ಕೊಟ್ಟವಳು.

ನೀರು ಏರಿದಾಗ ಅವಳ ಜೋಳದ ಚೀಲ ಮಾಳಿಗೆಗೆ ಹೊತ್ತವರು ಯಾರು? ಬಾಡಿಗೆದಾರರೇ. ತಮ್ಮ ಟ್ರಂಕು ನೀರಿನಲ್ಲಿ ಬಿಟ್ಟು ಇವಳ ಚೀಲ ಹೊತ್ತರು. ಮನೆ ಒಣಗಿ ಅವರು ಮರಳಿ ಬಂದ ಮೇಲೆ ತಂಗಿ ಹೇಳಿದಳು, "ಈ ತಿಂಗಳ ಬಾಡಿಗಿ ಬ್ಯಾಡ."

ನಾನು ಅವಳಿಗೆ ಹೇಳಿದೆ. "ಭಾಳ ಚಲೋ ಮಾಡಿದಿ. ಆದ್ರ ಅದನ್ನ ಬರಿ." ಅವಳು ಕೇಳಿದಳು, "ಬಿಟ್ಟದ್ದನ್ನ ಯಾಕ ಬರೀಬೇಕಕ್ಕಾ?"

ಯಾಕೆಂದರೆ, ಬರೆಯದಿದ್ದರೆ ಆರು ತಿಂಗಳ ಮೇಲೆ ಅದು ಬಾಕಿಯಂತೆ ಕಾಣುತ್ತದೆ. ನಾವು ಸತ್ತರೆ ನಮ್ಮ ಮಕ್ಕಳು ಪುಸ್ತಕ ತೆಗೆದು, "ಆಗಸ್ಟ್ ಬಾಡಿಗಿ ಕೊಟ್ಟಿಲ್ಲ" ಎಂದು ಕೇಳಬಹುದು. ತಂಗಿ ರಸೀದಿ ಬರೆದಳು. "ಆಗಸ್ಟ್ 2019ರ ಬಾಡಿಗೆ ಮಾಫ್. ಬಾಕಿ ಇಲ್ಲ. ನೀವು ಮಾಡಿದ ಸಹಾಯ ಮರೆಯುವುದಿಲ್ಲ." ಕೆಳಗೆ ಸಹಿ ಮಾಡಿದಳು.

ಪ್ರೀತಿಯಿಂದ ಬಿಟ್ಟದ್ದನ್ನೂ ಬರೆಯಬೇಕು. ಒಳ್ಳೆಯ ಬಾಡಿಗೆದಾರರಿಗೆ ಈ ವರ್ಷ ಬಾಡಿಗೆ ಏರಿಸುವುದಿಲ್ಲ ಎಂದರೆ ಅದನ್ನೂ ಬರೆದು ಕೊಡಿ. ಏರಿಸುವುದಿದ್ದರೆ ಎರಡು ತಿಂಗಳು ಮೊದಲೇ ಹೇಳಿ. ಪಗಾರ ತಡವಾಗಿ ಬಂದವರಿಗೆ ವಾಯಿದೆ ಕೊಟ್ಟರೆ ಯಾವ ತಾರೀಖಿನವರೆಗೆ ಎಂದು ಬರೆಯಿರಿ. ಆಗ ದಿನಾ ಬಾಗಿಲಿಗೆ ಹೋಗಿ ಕೇಳುವ ಕೆಲಸ ಇರುವುದಿಲ್ಲ. ಅವರಿಗೂ ಮುಖ ತಪ್ಪಿಸುವ ಕೆಲಸ ಇರುವುದಿಲ್ಲ.

ಕಾಗದ ಇದ್ದರೆ ಮನಸ್ಸು ಹಗುರ

ಕೆಲವರು ಅಂತಾರೆ, "ಕಾಗದ ಮಾಡಿದ್ರ ನಂಬಿಕಿ ಇಲ್ಲ ಅಂದಂಗ." ಹಾಗಲ್ಲ. ನಂಬಿಕೆ ಉಳಿಯಲಿ ಎಂದೇ ಕಾಗದ ಮಾಡುವುದು.

ಕರಾರು ಪತ್ರದಲ್ಲಿ ಇಷ್ಟು ಇರಲಿ: ಬಾಡಿಗೆ ಎಷ್ಟು. ಯಾವ ತಾರೀಖಿಗೆ ಕೊಡಬೇಕು. ಡಿಪಾಜಿಟ್ ಎಷ್ಟು. ನೀರು, ಕರೆಂಟಿನ ಹಣ ಯಾರದು. ದುರಸ್ತಿ ಯಾರದು. ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು.

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕರಾರು ಮಾಡಿದರೆ ಅದನ್ನು ನೋಂದಣಿ ಮಾಡಿಸಬೇಕು. ಇದು 1908ರ ನೋಂದಣಿ ಕಾಯ್ದೆಯ ಮಾತು. ಅದಕ್ಕೇ ಬಹಳ ಮಂದಿ 11 ತಿಂಗಳಿಗೆ ಬರೆಸುತ್ತಾರೆ. ಅವಧಿ ಮುಗಿದ ಮೇಲೆ ಮತ್ತೆ ಹೊಸದಾಗಿ ಬರೆಸುತ್ತಾರೆ.

ಬೇರೆ ಕರಾರು ಇಲ್ಲದೆ ತಿಂಗಳ ತಿಂಗಳ ಬಾಡಿಗೆಗೆ ಇದ್ದವರನ್ನು ಬಿಡಿಸಬೇಕಾದರೆ 15 ದಿನದ ನೋಟಿಸು ಬೇಕು. ಬರವಣಿಗೆಯಲ್ಲಿ ಇರಬೇಕು. ಸಹಿ ಇರಬೇಕು. "ನಾಳೆ ಹೊರಡು" ಎಂದು ಹೇಳುವ ಹಾಗಿಲ್ಲ. ಸಿಟ್ಟು ಬಂತೆಂದು ಸಾಮಾನು ಹೊರಗೆ ಹಾಕುವುದು, ನೀರು ನಿಲ್ಲಿಸುವುದು ತಪ್ಪು.

ಓದದೆ ಹೆಬ್ಬೆಟ್ಟು ಒತ್ತಬೇಡಿ. ಈಗ ನಿಮಗೆ ಓದಲು ಬರುತ್ತದೆ. ನಿಧಾನವಾಗಿ ಓದಿ. ಬಾಡಿಗೆದಾರರಿಗೆ ಓದು ಬಾರದಿದ್ದರೆ ನೀವೇ ಅವರಿಗೆ ಓದಿ ಹೇಳಿ. ಕಲಿತವರು ಕಲಿಯದವರನ್ನು ಮೋಸ ಮಾಡಿದರೆ ಕಲಿತದ್ದು ಯಾಕೆ?

ಹೋಗುವವರನ್ನು ಕಳಿಸುವುದು

ಬರುವವರನ್ನು ಎಲ್ಲರೂ ನಗುತ್ತ ಕರೆಯುತ್ತಾರೆ. ಹೋಗುವವರನ್ನು ನಗುತ್ತ ಕಳಿಸುವುದು ದೊಡ್ಡದು.

ಡಿಪಾಜಿಟ್ ಅವರ ಹಣ. ನಮ್ಮದಲ್ಲ. ನಾನು ಅದನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟಿರುತ್ತೇನೆ. ಮಗಳ ಮದುವೆ ಬಂದರೂ ಅದನ್ನು ಮುಟ್ಟಲಿಲ್ಲ. ಖೋಲಿ ಬಿಡುವ ದಿನ ಇಬ್ಬರೂ ಕೂಡಿ ಖೋಲಿ ನೋಡುತ್ತೇವೆ. ಏನಾದರೂ ಮುರಿದಿದ್ದರೆ ಅದರ ಖರ್ಚು ಬರೆದು ತೋರಿಸುತ್ತೇನೆ. ಉಳಿದದ್ದನ್ನು ಅವತ್ತೇ ಕೈಗೆ ಕೊಡುತ್ತೇನೆ. ಮುಟ್ಟಿದ್ದಕ್ಕೆ ಅವರ ಸಹಿ ತಗೊಳ್ಳುತ್ತೇನೆ. ಗೃಹಜ್ಯೋತಿ ಅವರ ಹೆಸರಿನಲ್ಲಿ ಇದ್ದರೆ ಆ ಜೋಡಣೆ ತೆಗೆಸಲು ಹೇಳುತ್ತೇನೆ. ಅವರಿಗೆ ಹೊಸ ಮನೆಯಲ್ಲಿ ಬೇಕಾಗುತ್ತದೆ. ಇಲ್ಲಿ ಹೊಸದಾಗಿ ಬರುವವರಿಗೂ ಬೇಕಾಗುತ್ತದೆ.

ಆಮೇಲೆ ಒಂದು ಚೀಟಿ ಬರೆದು ಕೊಡುತ್ತೇನೆ. "ಇವರು ನಮ್ಮ ಮನೆಯಲ್ಲಿ ಇಷ್ಟು ವರ್ಷ ಇದ್ದರು. ವೇಳೆಗೆ ಬಾಡಿಗೆ ಕೊಟ್ಟರು. ಮನೆಯನ್ನು ಚೊಕ್ಕವಾಗಿ ಇಟ್ಟರು." ಅಷ್ಟೇ. ಹೊಸ ಊರಿನಲ್ಲಿ ಮನೆ ಕೇಳುವಾಗ ಆ ಚೀಟಿ ಅವರ ಕೈ ಹಿಡಿಯುತ್ತದೆ. ಕರದಂಟು ನಾಲ್ಕು ದಿನಕ್ಕೆ ಮುಗಿಯುತ್ತದೆ. ಚೀಟಿ ಉಳಿಯುತ್ತದೆ.

ಬನ್ನಿಯ ಹಾಗೆ

ದಸರಾ ದಿನ ನಾವು ಬನ್ನಿ ಕೊಡುತ್ತೇವೆ, ಬನ್ನಿ ತಗೊಳ್ಳುತ್ತೇವೆ. ಬಂಗಾರದಂಗ ಇರೋಣು ಅಂತೀವಿ. ಕೊಟ್ಟವರು ಮೇಲಲ್ಲ, ತಗೊಂಡವರು ಕೆಳಗಲ್ಲ. ಎಲೆ ಅದೇ ಎಲೆ. ಮನೆಯ ಒಡತಿ, ಬಾಡಿಗೆದಾರರು ಹಾಗೆಯೇ ಇರಬೇಕು. ನಾನು ನೆರಳು ಕೊಟ್ಟೆ. ಅವರು ಬಾಡಿಗೆ ಕೊಟ್ಟರು. ಇಬ್ಬರೂ ಕೊಟ್ಟವರೇ. ಇಬ್ಬರೂ ತಗೊಂಡವರೇ.

ನಮ್ಮ ಅಡಿಗೆ ಮನೆಯ ಬಾಗಿಲ ಹಿಂದಿನ ಗೋಡೆ ಈಗಲೂ ಇದೆ. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುತ್ತೇನೆ. ಈಗ ಹೆದರಿಕೆ ಇಲ್ಲ. ಲೆಕ್ಕ ಪುಸ್ತಕದಲ್ಲಿದೆ. ಆ ಪುಸ್ತಕದ ಮೊದಲ ಹಾಳೆಗೆ ಒಂದು ಹಳೆಯ ಚೀಟಿ ಅಂಟಿಸಿದ್ದೇನೆ. ಅದರ ಮೇಲೆ ಒಂದು ಸಹಿ ಇದೆ. ಯಾರದೆಂದು ನಿಮಗೆ ಗೊತ್ತು.

ಅವಳು ಎಲ್ಲಿದ್ದಾಳೋ, ಚೆನ್ನಾಗಿರಲಿ.



ಕೂಡಿ ಮಾತಾಡಿರಿ

1. ನರ್ಸ್ ಹುಡುಗಿ ಎರಡನೆಯ ಸಲ ಬಾಡಿಗೆ ಯಾಕೆ ಕೊಟ್ಟಿರಬಹುದು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
2. ಬಿಟ್ಟ ಬಾಡಿಗೆಯನ್ನೂ ಯಾಕೆ ಬರೆಯಬೇಕು?
3. ನೀವು ಬಾಡಿಗೆ ಮನೆಯಲ್ಲಿ ಇರುವವರಾದರೆ, ಮನೆಯ ಒಡತಿಯಿಂದ ಯಾವುದನ್ನು ಬಯಸುತ್ತೀರಿ? ಉಂಡಿಯೋ, ಚಿಲಕವೋ?

ಬರೆದು ನೋಡಿರಿ

ಈ ತಿಂಗಳ ಬಾಡಿಗೆಗೆ ಒಂದು ರಸೀದಿ ಬರೆಯಿರಿ. ಹಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಕೆಳಗೆ ಒಂದು ಉಪಕಾರದ ಮಾತು ಸೇರಿಸಿರಿ. ನಿಮ್ಮ ಸಹಿ ಮಾಡಿರಿ.